ತೆಲಿ ಮ್ಯಾಲೆ ಧೂಪ ಹೊತ್ತ ಮಣ್ಣಿನ ಹೆಣಮಕ್ಕಳು

ವೀರಭದ್ರ ಮನೆದೇವರಾಗಿದ್ದವರ ಮನ್ಯಾಗ ಮದುವಿ ಅಂದ್ರ ಗುಗ್ಗಳ ಆಗಬೇಕು. ಮಣ್ಣಿನ ಕೊಡದಾಗ ಬೆಂಕಿ, ಮುಂದ ಪುರವಂತರ ಒಡಪು, ಸಮ್ಮಾಳದ ಸಪ್ಪಳ, ಹಿಂದ ನಾವೆಲ್ಲಾ. ಗುಗ್ಗಳ ಅಂಬೋ ಹೆಸರು ಗುಗ್ಗುಳದಿಂದ ಬಂದದ್ದು. ರಾಜಸ್ಥಾನ, ಗುಜರಾತದ ಒಣ ನೆಲದಾಗ ಬೆಳಿಯೋ ಮುಳ್ಳುಗಿಡದ ಅಂಟು ಅದು.

ತೆಲಿ ಮ್ಯಾಲೆ ಧೂಪ ಹೊತ್ತ ಹೆಣಮಕ್ಕಳು ಭಾಳ ದೂರದಾಗೂ ಇದ್ರು, ಆದ್ರ ಅವರು ಮಣ್ಣಿನವರು. ಈಗಿನ ಟುನೀಶಿಯಾದಾಗ ಕಾರ್ಥೇಜ್ ಅಂತ ಒಂದು ಊರಿತ್ತು. ಲೆಬನಾನ್ ಕಡಿಂದ ಹಡಗಿನ್ಯಾಗ ಬಂದ ವ್ಯಾಪಾರಸ್ಥರು ಕಟ್ಟಿದ್ದು. ಅವರಿಗೆ ಪ್ಯೂನಿಕರು ಅಂತಾರ. ಅವರ ಧೂಪದ ಪಾತ್ರಿ ಹೆಂಗಸಿನ ಮುಖದ್ದು. ಅಚ್ಚಿನ್ಯಾಗ ಒತ್ತಿ ಸುಟ್ಟದ್ದು. ಬೈತಲಿ ತಗದ ಕೂದಲಾ, ಕಿವಿಯಾಗ ಓಲಿ, ತೆಲಿ ಮ್ಯಾಲೆ ಬುಟ್ಟಿಯಂಥಾ ಕಿರೀಟ, ಅದರ ಮ್ಯಾಲೆ ತೂತಿನ ಬಟ್ಟಲಾ.

ಆ ಮುಖ ಗ್ರೀಕರ ಕಾಳಿನ ದೇವಿ ಡಿಮೀಟರಳದು ಅಂತ ಹೇಳತಾರ. ಕ್ರಿ.ಪೂ. 396ರಾಗ ಕಾರ್ಥೇಜಿನ ದಂಡು ಸಿಸಿಲಿಯ ಸಿರಾಕ್ಯೂಸಿನ ಹೊರಗ ಆಕಿ ಗುಡಿ ಲೂಟಿ ಮಾಡಿತು. ದಂಡಿನ್ಯಾಗ ಬ್ಯಾನಿ ಬಂತು, ಸೋತ್ರು, ಊರ ಸುತ್ತ ದಂಗೆ ಎದ್ದಿತು. ದೇವಿ ಸಿಟ್ಟಾದ್ಲು ಅಂತ ಅಂಜಿ, ಲೂಟಿ ಮಾಡಿದ ದೇವಿನ್ನ ತಮ್ಮೂರಾಗ ಕುಂದ್ರಿಸಿ ಗ್ರೀಕರ ಪದ್ಧತಿಲೆ ಪೂಜಾ ಸುರು ಮಾಡಿದ್ರು. ಡಿಯೊಡೋರಸ್ ಅಂಬಾವ ಇದನ್ನ ಬರದಿಟ್ಟಾನ. ದ್ಯಾಮವ್ವನ ಸಿಟ್ಟು ಕಂಡ ನಮಗ ಇದೇನು ಹೊಸಾದಲ್ಲ, ಹೌದಲ್ಲೋ?

ಆಮ್ಯಾಲೆ ಈ ಮುಖಗೋಳು ಸಾರ್ಡಿನಿಯಾ, ಇಬಿಜಾ, ಸ್ಪೇನ್ ತನಕ ಹೋದ್ವು. ಸಾರ್ಡಿನಿಯಾದ ಲುಗೆರ್ರಾಸ್ ಅಂಬೋ ಹಳೇ ಕಲ್ಲಿನ ಕೋಟ್ಯಾಗ ನೂರಾರು ಸಿಕ್ಕಾವ. ಎಷ್ಟೋ ಪಾತ್ರಿಯೊಳಗ ಸುಟ್ಟ ಗುರುತಿಲ್ಲ; ಹರಕಿಗೆ ಇಟ್ಟಿದ್ದಿರಬೇಕು.

ನಮ್ಮ ಗುಗ್ಗಳ ಅಲ್ಲಿಂದ ಬಂತು ಅಂತ ಮಾತ್ರ ತಿಳೀಬ್ಯಾಡ್ರಿ. ಅದರ ಕಥಿ ದಕ್ಷನ ಯಜ್ಞದ್ದು. ಕೂಡಿಸಿದ್ದು ಧೂಪದ ವ್ಯಾಪಾರ. ನಾವು ಅನ್ನೋ ಲೋಬಾನ ಅರಬರ ಲುಬಾನ್. ಗ್ರೀಕರ ಲಿಬಾನೋಸೂ ಅದ ಬೇರಿಂದು, ಬೆಳ್ಳಗಿನದು ಅಂತ ಅರ್ಥ. ಅಂಗಡ್ಯಾಗ ನಮಗ ಕೊಡೋದು ಭಾಳ ಸಲ ಸುಮಾತ್ರಾ ಕಡಿ ಬ್ಯಾರೆ ಗಿಡದ ಅಂಟು, ಅದು ಬ್ಯಾರೆ ಮಾತು! ಕ್ರಿ.ಶ. 1ನೇ ಶತಮಾನದ ಗ್ರೀಕ ವರ್ತಕನೊಬ್ಬ ಬರದ ಪೆರಿಪ್ಲಸ್ ಪುಸ್ತಕದಾಗ ಭರೂಚದಿಂದ ಗುಗ್ಗುಳ ಹಡಗು ಹತ್ತೂದು ಐತಿ. ಅಷ್ಟರಾಗ ಕಾರ್ಥೇಜ್ ಇರಲಿಲ್ಲ, ಕ್ರಿ.ಪೂ. 146ರಾಗ ರೋಮನ್ನರು ಸುಟ್ಟಿದ್ರು.

ಅವರ ಪುಸ್ತಕಾನೂ ಈಗ ಉಳದಿಲ್ಲ. ಆ ಪಾತ್ರಿ ಇಟ್ಟ ಹೆಂಗಸರು ಏನು ಬೇಡಿಕೊಂಡ್ರು, ಯಾರೂ ಬರದಿಟ್ಟಿಲ್ಲ. ನಿಮ್ಮ ಮನಿ ಗುಗ್ಗಳದ ಕೊಡ ಯಾವ ಕುಂಬಾರರ ಮನ್ಯಾಗಿಂದ ಬರತಿತ್ತು, ಯಾರ್‍ಯಾರು ಹೊತ್ರು, ಆಯಿಗೆ ನೆನಪಿರೂದ್ರಾಗ ಕೇಳಿ ಬರಕೊಳ್ರಿ.