ಭೂವಕ್ರತೆ, ಬೃಹತ್ ನಿರ್ಮಾಣಗಳಲ್ಲಿ

ಭೂಮಿಯ ಗೋಲಾಕಾರದ ನಿಮಿತ್ತ ಸಮಮಟ್ಟದ ಮೇಲ್ಮೈಯು ಸರಳರೇಖೆಯಿಂದ ಕೆಳಕ್ಕೆ ಬಾಗುವುದೂ ಲಂಬರೇಖೆಗಳು ಪರಸ್ಪರ ಓರೆಯಾಗುವುದೂ ದೀರ್ಘ ಸೇತುವೆ, ಕಾಲುವೆ, ವೀಕ್ಷಣಾಲಯ ಮುಂತಾದ ರಚನೆಗಳಲ್ಲಿ ಗಣನೆಗೆ ಬರುವಷ್ಟಾಗುವ ಸಂಗತಿ. ಭೂಮಿಯ ಸರಾಸರಿ ತ್ರಿಜ್ಯವು ಸು. 6,371 ಕಿಮೀ. ಆಗಿರಲಾಗಿ, ಸ್ಪರ್ಶರೇಖೆಗೂ ಸಮಮಟ್ಟಕ್ಕೂ ನಡುವಣ ಅಂತರವು 1 ಕಿಮೀ. ದೂರಕ್ಕೆ ಸು. 7.8 ಸೆಂಮೀ. ಇದ್ದು, ದೂರದ ವರ್ಗದ ಪ್ರಮಾಣದಲ್ಲಿ ವರ್ಧಿಸುವುದು. ಮಟ್ಟಮಾಪನದಲ್ಲಿ ವಾಯುಮಂಡಲದ ವಕ್ರೀಭವನವು ಇದರ ಸುಮಾರು ಏಳನೆಯ ಒಂದಂಶವನ್ನು ಕುಗ್ಗಿಸುವುದು. ಉಪಕರಣವನ್ನು ಎರಡು ಅಳತೆಕೋಲುಗಳಿಗೆ ಸಮದೂರದಲ್ಲಿರಿಸಿದಲ್ಲಿ ಉಭಯದೋಷಗಳೂ ಬಹುಮಟ್ಟಿಗೆ ಲೋಪವಾಗುವುವು.

ತೂಗುಸೇತುವೆಯ ಗೋಪುರಗಳು ತಂತಮ್ಮ ಸ್ಥಾನದಲ್ಲಿ ನೆಟ್ಟಗಿದ್ದರೂ ಸಮಾನಾಂತರವಾಗಿರವು. 1981ರಲ್ಲಿ ತೆರೆದ ಇಂಗ್ಲೆಂಡಿನ ಹಂಬರ್ ಸೇತುವೆಯಲ್ಲಿ 1,410 ಮೀ. ಅಂತರದ ಗೋಪುರಗಳ ಶಿಖರಗಳು ಬುಡಗಳಿಗಿಂತ 36 ಮಿಮೀ. ಹೆಚ್ಚು ದೂರದಲ್ಲಿವೆ, ನ್ಯೂಯಾರ್ಕಿನ ವೆರಜಾನೊ ನ್ಯಾರೋಸ್ ಸೇತುವೆಯಲ್ಲಿ (1964) ಈ ವ್ಯತ್ಯಾಸ ಸು. 41 ಮಿಮೀ. ಬರಿಗಣ್ಣಿಗಂತೂ ಇದು ಅಗೋಚರ.

ಅತ್ಯಂತ ಸ್ಫುಟವಾದ ನಿದರ್ಶನವು ಅಮೆರಿಕದ ಹ್ಯಾನ್‌ಫರ್ಡ್ ಹಾಗೂ ಲಿವಿಂಗ್‌ಸ್ಟನ್‌ಗಳಲ್ಲಿರುವ ಗುರುತ್ವತರಂಗ ವೀಕ್ಷಣಾಲಯ ಲೈಗೋದಲ್ಲಿ ದೊರೆಯುವುದು. ಇದರ ಪ್ರತಿಯೊಂದು ಭುಜವೂ 4 ಕಿಮೀ. ಉದ್ದವಾಗಿದ್ದು, ಆ ದೂರದಲ್ಲಿ ಭೂಮಿಯು ಒಂದು ಮೀಟರಿಗೂ ಮಿಗಿಲಾಗಿ ಬಾಗುವುದರಿಂದ, ಲೇಸರ್ ಕಿರಣವು ಸಾಗುವ ನಿರ್ವಾತ ನಳಿಕೆ ನೇರವಾಗಿರಲೆಂದು ಕಾಂಕ್ರೀಟಿನ ತಳಪಾಯವನ್ನೇ ಆ ಬಾಗನ್ನು ಸರಿದೂಗಿಸುವಂತೆ ಎರೆಯಲಾಯಿತು. ಆದರೂ ಭುಜದ ಎರಡು ತುದಿಗಳಲ್ಲಿ ತೂಗುವ ಕನ್ನಡಿಗಳ ಲಂಬರೇಖೆಗಳ ನಡುವೆ ಸು. 0.036° ಕೋನವು ಉಳಿಯುವುದರಿಂದ, ಅವುಗಳ ಮೇಲುಕೆಳಗಿನ ಕಂಪನದ ಅಲ್ಪಾಂಶವು ಕಿರಣದ ದಿಕ್ಕಿನ ಅಳತೆಯಲ್ಲಿ ಬೆರೆಯುವುದು.