ಕೋಲಾರದ ಷೇರು, ಮುಂಬಯಿಯ ಪವನು

ಚಿನ್ನವನ್ನು ಪವನಿನ ಲೆಕ್ಕದಲ್ಲಿ ಹೇಳುವುದು ದಕ್ಷಿಣ ಕನ್ನಡದ ಮನೆಗಳಲ್ಲಿ ಇಂದಿಗೂ ವಾಡಿಕೆ. ಇಪ್ಪತ್ತು ಪವನು ಎಂದರೆ ನೂರ ಅರವತ್ತು ಗ್ರಾಂ ಎಂದು ಶಾಲೆಯ ಮುಖ ಕಾಣದ ಅಜ್ಜಿಯರೂ ಬಲ್ಲರು. ಆದರೆ ಪವನು ನಮ್ಮ ಮೂಲದ ಮಾತಲ್ಲ. ಇಂಗ್ಲಿಷರ ಪೌಂಡ್ ಕರಾವಳಿಯ ನಾಲಗೆಯ ಮೇಲೆ ಹೊರಳಿ ಹೀಗಾಯಿತು. ಒಂದು ಪೌಂಡಿನ ಚಿನ್ನದ ನಾಣ್ಯವಾದ ಸವರನ್ನಿನ ತೂಕ ಎಂಟು ಗ್ರಾಮಿಗೆ ಕೂದಲೆಳೆಯಷ್ಟು ಕಡಿಮೆ. ಅದರೊಳಗಿನ ಶುದ್ಧ ಚಿನ್ನ 7.32 ಗ್ರಾಂ. 1899ರಲ್ಲಿ ಸರಕಾರವು ಅದಕ್ಕೆ 15 ರೂಪಾಯಿ ಬೆಲೆ ಕಟ್ಟಿತು.

ಈ ನಾಣ್ಯವನ್ನು ಇಟ್ಟುಕೊಂಡವನು ಯಾವ ಡೈರೆಕ್ಟರನನ್ನೂ ನಂಬಬೇಕಾಗಿರಲಿಲ್ಲ. ಚಿನ್ನದಲ್ಲಿ ಹಣ ಹೂಡುವ ಇನ್ನೊಂದು ದಾರಿ ಗಣಿಯ ಷೇರು. ಅದರ ದೊಡ್ಡ ಕಥೆಯೊಂದು ನಮ್ಮ ನಾಡಿನಲ್ಲೇ ನಡೆಯಿತು.

ಕೋಲಾರದ ಮಾರಿಕುಪ್ಪಂ ಪ್ರಾಂತದಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು 1802ರಲ್ಲಿ ಲೆಫ್ಟಿನೆಂಟ್ ವಾರೆನ್ ಕಂಡಿದ್ದನು. 1875ರಲ್ಲಿ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕನಿಗೆ ಅಗೆಯುವ ಹಕ್ಕು ದೊರೆಯಿತು. ಹಣ ಸಾಲದೆ ಅವನು ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟನು. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಅದೇ ದಿನಗಳಲ್ಲಿ ವಯನಾಡಿನ ಚಿನ್ನದ ಹೆಸರಿನಲ್ಲಿ ಹತ್ತಾರು ಕಂಪನಿಗಳು ಷೇರು ಮಾರಿದ್ದವು. ಅವುಗಳಲ್ಲಿ ಹಣ ಹಾಕಿದವರಿಗೆ ಉಳಿದದ್ದು ಚಂದದ ಕಾಗದ ಮಾತ್ರ.

ಕೋಲಾರದ ಗತಿಯೂ ಅದೇ ಆಗುವುದರಲ್ಲಿತ್ತು. ಬಂಡವಾಳ ಕರಗಿತು, ಒಂದು ಪೌಂಡಿನ ಷೇರು ಪೆನ್ನಿಗಳಿಗೆ ಇಳಿಯಿತು. ಉಳಿದ ಹಣವನ್ನಾದರೂ ಉಳಿಸಿಕೊಳ್ಳೋಣವೆಂದು ಷೇರುದಾರರು ಕೂಗಿದರು. ಜಾನ್ ಟೇಲರ್ ಸಂಸ್ಥೆಯವರು ಇನ್ನಷ್ಟು ಅಗೆಯಲು ಅವರನ್ನು ಒಪ್ಪಿಸಿದರು. ಪ್ಲಮರ್ ಎಂಬ ಗಣಿಗಾರನು ಹಳಬರು ತೋಡಿ ಬಿಟ್ಟ ಗುಂಡಿಗಳ ಕೆಳಗೇ ಅಗೆಸಿದನು; 1885ರ ಸುಮಾರಿಗೆ ಚಾಂಪಿಯನ್ ಪದರ ಸಿಕ್ಕಿತು. ಜಾಣತನವೋ ಅದೃಷ್ಟವೋ ಹೇಳಲಾರೆವು. ದಿನವಿಡೀ ಲೆಕ್ಕದ ಪುಸ್ತಕ ನೋಡುವ ನಾವು ಆ ಸಭೆಯಲ್ಲಿದ್ದಿದ್ದರೆ ಮುಚ್ಚುವ ಕಡೆಗೇ ಕೈಯೆತ್ತುತ್ತಿದ್ದೆವು.

ಆಮೇಲಿನ ಡಿವಿಡೆಂಡುಗಳು ಹೋದದ್ದು ಬಹುಪಾಲು ಲಂಡನ್ನಿಗೆ. ಮೈಸೂರಿಗೆ ಬಂದದ್ದು ರಾಯಲ್ಟಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದೂ ಗಣಿಗೇ. ಬೆಂಗಳೂರಿನ ಬೀದಿಗಳು 1905ರವರೆಗೆ ಕಾದವು. ಬಂಡೆ ಸಿಡಿದು ಸತ್ತ ಕೂಲಿಗಳಾದರೋ ಆ ಷೇರಿನ ಮುಖವನ್ನೇ ಕಂಡವರಲ್ಲ. 1956ರಲ್ಲಿ ಮೈಸೂರು ಸರಕಾರ, 1962ರಲ್ಲಿ ಕೇಂದ್ರ ಸರಕಾರ ಗಣಿಗಳನ್ನು ವಹಿಸಿಕೊಂಡವು. ಆ ಹೊತ್ತಿಗೆ ಒಳ್ಳೆಯ ಅದಿರು ಬಹಳಷ್ಟು ಮೇಲೆ ಬಂದಾಗಿತ್ತು, ಸುರಂಗ ಮೂರು ಕಿಲೋಮೀಟರಿನತ್ತ ಇಳಿದಿತ್ತು. ಲಾಭದ ಕಾಲದ ಕಾಗದ ಅವರದು, ನಷ್ಟದ ಕಾಲದ ಗುಂಡಿ ನಮ್ಮದು ಎಂದು ನಾವು ಅಂದರೆ ಅತಿಶಯೋಕ್ತಿಯಾಗಲಾರದು. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಇನ್ನು ಪವನಿಗೆ ಮರಳೋಣ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ರೂಪಾಯಿಗಳ ಅಭಾವ ಬಂದಾಗ ನಮ್ಮ ಮುಂಬಯಿ ಕೋಟೆಯ ಟಂಕಸಾಲೆಯಲ್ಲೇ ಸವರನ್ ಅಚ್ಚಾಯಿತು. ಸುಮಾರು 13 ಲಕ್ಷ ನಾಣ್ಯಗಳು, ಎಲ್ಲದರ ಮೇಲೂ 1918. ಅಜ್ಜಿಯ ಪೆಟ್ಟಿಗೆಯಲ್ಲಿ ಆ ಇಸವಿಯ ಪವನು ಇರುವ ಓದುಗರು ಕುದುರೆಯ ಕಾಲ ಕೆಳಗೆ, ಇಸವಿಗೆ ಸ್ವಲ್ಪ ಮೇಲೆ, ಭೂತಗನ್ನಡಿ ಹಿಡಿದು ನೋಡಲಿ. ನೆಟ್ಟ ಗೀಟಿನಂಥ ಇಂಗ್ಲಿಷ್ 'ಐ' ಅಕ್ಷರವಿದ್ದರೆ ಅದು ಇದೇ ಊರಿನದು.