ಅಳಿವೆಯಲ್ಲಿ ಹಕ್ಕಿ ಉಳಿದ ಬಗೆ

ಬೆಳ್ತಂಗಡಿ, ಬಂಟ್ವಾಳಗಳನ್ನು ಹಾದುಬರುವ ನೇತ್ರಾವತಿಯೂ ವೇಣೂರು, ಮೂಡುಬಿದಿರೆ ಸೀಮೆಯ ನೀರನ್ನು ಹೊತ್ತುತರುವ ಫಲ್ಗುಣಿಯೂ ಮಂಗಳೂರಿನಲ್ಲಿ ಒಂದೇ ಅಳಿವೆಯ ಮೂಲಕ ಕಡಲು ಸೇರುತ್ತವೆ. ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಅಳಿವೆಗಳು ಹಕ್ಕಿಗಳಿಗೆ ಅನ್ನದ ಬಟ್ಟಲು. ಆ ಬಟ್ಟಲು ಬರಿದಾಗದೆ ಉಳಿದ ಬಗೆಯನ್ನು ತಿಳಿಯಬೇಕಾದರೆ ಉತ್ತರ ಕನ್ನಡದ ಅಘನಾಶಿನಿಗೆ ಒಂದು ದಿನದ ಮಟ್ಟಿಗಾದರೂ ಹೋಗಿಬರಬೇಕು.

ಶಿರಸಿ ತಾಲ್ಲೂಕಿನಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನ ತದಡಿಯ ಬಳಿ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ನೇತ್ರಾವತಿಗೆ ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ಮಂಗಳೂರಿಗೆ ಕುಡಿಯುವ ನೀರು ಒದಗಿಸಲಾಗುತ್ತಿದೆ. ನಗರಕ್ಕೆ ಅದು ಅನಿವಾರ್ಯ. ಅಘನಾಶಿನಿಯಲ್ಲಾದರೋ ಘಟ್ಟದ ಮಣ್ಣು, ಕೊಳೆತ ಎಲೆಯ ಸಾರ ಎಲ್ಲವೂ ಅಳಿವೆಗೆ ಇಳಿದು ಕೆಸರುಬಯಲಾಗುತ್ತದೆ. ಇಳಿತದ ಹೊತ್ತಿಗೆ ಆ ಬಯಲು ತೆರೆದುಕೊಂಡಾಗ ಚಿಪ್ಪು, ಏಡಿ, ಹುಳುಗಳಿಗಾಗಿ ಬೆಳ್ಳಕ್ಕಿಗಳೂ ಚಳಿಗಾಲದಲ್ಲಿ ಉತ್ತರದ ದೂರ ದೇಶಗಳಿಂದ ಬರುವ ಉಲ್ಲಂಕಿಗಳೂ ಬಂದಿಳಿಯುತ್ತವೆ. ಊರಿನವರು ಚಿಪ್ಪು ಆರಿಸಲು ನೀರಿಗಿಳಿಯುವುದೂ ಅದೇ ಹೊತ್ತಿನಲ್ಲಿ. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಹಕ್ಕಿ ನೋಡಬಯಸುವವರು ಗಡಿಯಾರಕ್ಕಿಂತ ಮೀನುಗಾರರ ಮಾತನ್ನು ನೆಚ್ಚುವುದು ಮೇಲು.

ಈ ಬಯಲಿನ ಅಂಚಿನಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಹೊಳೆನೀರು ಉಪ್ಪನ್ನು ತೊಳೆದಾಗ ರೈತರು ಇಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಯುವುದು ತೆನೆ ಮಾತ್ರ. ಗದ್ದೆಯಲ್ಲೇ ಬಿಟ್ಟ ಹುಲ್ಲು ಕೊಳೆತು, ಆಮೇಲೆ ಒಳಬಿಟ್ಟ ಉಪ್ಪುನೀರಿನ ಮೀನು, ಸಿಗಡಿಗಳಿಗೆ ಆಹಾರವಾಗುತ್ತದೆ. ಒಡ್ಡುಗಳನ್ನು ಹಿಂದೆ ಊರವರೇ ಕೂಡಿ ಕಾಯುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಕಾಯಂ ಒಡ್ಡು ಕಟ್ಟಿಸಿತು. ಮುಂದೆ ಲಾಭದ ಸಿಗಡಿ ಕೃಷಿ ಬಂದಿತು. ಕಗ್ಗ ಹಿಂದೆ ಸರಿಯಿತು.

ಇನ್ನೂ ದೊಡ್ಡ ಗಂಡಾಂತರ ಕಾದಿತ್ತು. 2000ರ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಮೀನುಗಾರರೂ ರೈತರೂ ಪರಿಸರಾಸಕ್ತರೂ ಅದನ್ನು ವಿರೋಧಿಸಿದರು. ಅವರ ವಾದ ಹಕ್ಕಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಮೀನು, ಚಿಪ್ಪುಗಳನ್ನು ನಂಬಿದ ಮನೆಗಳ ಒಲೆಯ ಪ್ರಶ್ನೆಯೂ ಅದಾಗಿತ್ತು. ಕಡೆಗೆ ಯೋಜನೆ ಕೈಬಿಡಲಾಯಿತು.

1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಜೌಗುಪ್ರದೇಶಗಳ ಒಪ್ಪಂದ ಮೊದಲು ಕಣ್ಣಿಟ್ಟದ್ದು ನೀರುಹಕ್ಕಿಗಳ ನೆಲೆಯ ಮೇಲೆ. ಆ ಪಟ್ಟಿಗೆ 2022ರಲ್ಲಿ ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು. 2024ರಲ್ಲಿ ಅಘನಾಶಿನಿ ಅಳಿವೆಯೂ ಸೇರಿತು. ರಂಗನತಿಟ್ಟು 1940ರಿಂದಲೇ ಪಕ್ಷಿಧಾಮ. ಅಘನಾಶಿನಿಯಲ್ಲಿ ಹಕ್ಕಿಗಳನ್ನು ಉಳಿಸಿದ್ದು ತಡೆಯಿಲ್ಲದ ಹೊಳೆ, ದುಡಿಯುವ ಜನ. ಅಂತರರಾಷ್ಟ್ರೀಯ ಮನ್ನಣೆ ದೊರೆತ ಮಾತ್ರಕ್ಕೆ ಕಗ್ಗದ ಗದ್ದೆ ಮರಳಿ ಹಸಿರಾಗುವುದಿಲ್ಲ. ದುರ್ಬೀನು ಹಿಡಿದು ಬಂದವರು ಹಕ್ಕಿಗಳ ಜೊತೆಗೆ ಆ ಒಡ್ಡುಗಳನ್ನೂ ನೋಡಿಕೊಂಡು ಹೋಗುವುದು ಲೇಸು.